ಇಳುಕಲಿನಲ್ಲಿ ಕಲ್ಲಾಗುವ ಬ್ರೇಕು

“ಗಾಡಿಯೊಳಗ ಏನೂ ತಪ್ಪಿಲ್ರಿ ಅಕ್ಕಾರ” ಎಂದು ಮೆಕ್ಯಾನಿಕ್ ಅಲ್ಲಾಉದ್ದೀನ್ ಮತ್ತೊಮ್ಮೆ ಅಂದಾಗ ನನ್ನ ಪಿತ್ತ ನೆತ್ತಿಗೇರಿತು. ರಾಯಚೂರಿನಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟವಳು ನಾನು. ಮೋಟರು ಸುಟ್ಟುಕೊಂಡು ಬಂದು ‘ಏನೂ ಮಾಡಿಲ್ರಿ, ಸುಮ್ನ ಸುಟ್ಟದ’ ಅನ್ನುವವರನ್ನು ದಿನಾ ನೋಡುತ್ತೇನೆ. ಸುಮ್ಮನೆ ಯಾವ ಮೋಟರೂ ಸುಡುವುದಿಲ್ಲ, ಸುಮ್ಮನೆ ಯಾವ ಬ್ರೇಕೂ ಕಲ್ಲಾಗುವುದಿಲ್ಲ.

“ತಪ್ಪಿಲ್ಲಂದ್ರ ನಮ್ಮಪ್ಪಗ ಯಾಕ ಬ್ರೇಕ್ ಹಿಡೀಲಿಲ್ಲ? ಮೊನ್ನಿ ನಾ ಒಬ್ಬಾಕಿನ ಅದೇ ಇಳುಕಲಕ್ಕ ಒಯ್ದೆ. ನನಗೂ ಕಲ್ಲಾತಲ್ಲ! ನನ್ನ ಕಾಲಿಗೇನ್ ಧಾಡಿ ಆಗ್ಯದ?”

“ನಿಮ್ಮ ಮನೆತನದ ಕಾಲೇ ಹಂಗ ಇರಬೇಕ್ರಿ.”

“ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ನೀವು ಕೂಡ್ಸಿದ್ದು ಸರಿ ಕೂಡಿಲ್ಲ ಅಂತ ಹೇಳ್ರಿ, ಮುಗೀತು.”

ಅಲ್ಲಾಉದ್ದೀನನ ಮುಖ ಕೆಂಪಗಾಯಿತು. ಅವನೂ ನನ್ನಂಥವನೇ, ಒಂದು ಮಾತು ಹೆಚ್ಚಾದರೆ ಸಹಿಸುವವನಲ್ಲ. ಕೈಯೊಳಗಿನ ಸ್ಪ್ಯಾನರನ್ನು ಡಬ್ಬದೊಳಕ್ಕೆ ಎಸೆದು, “ಬರ್ರಿ, ಕುಂಡ್ರ್ರಿ ಒಳಗ. ಕಣ್ಣಾರೆ ನೋಡ್ರಿ” ಅಂದ.

ಕೂತೆ. ಇಂಜಿನ್ ಬಂದ್ ಇತ್ತು. ಬ್ರೇಕ್ ಪೆಡಲನ್ನು ನಾಲ್ಕಾರು ಸಲ ಒತ್ತಿರಿ ಅಂದ, ಒತ್ತಿದೆ. ಮೊದಲು ಮೆತ್ತಗೆ ಹೋಯಿತು, ಆಮೇಲೆ ಗಟ್ಟಿಯಾಗುತ್ತ ಆಗುತ್ತ ಕಲ್ಲಿನಂತೆ ನಿಂತಿತು. “ಕಾಲು ಹಂಗ ಇಡ್ರಿ, ಈಗ ಚಾಲೂ ಮಾಡ್ರಿ.” ಇಂಜಿನ್ ಎದ್ದದ್ದೇ ತಡ, ಪೆಡಲು ತಾನಾಗಿ ನನ್ನ ಕಾಲಿನ ಕೆಳಗೆ ಇಳಿಯಿತು.

“ನೋಡಿದ್ರಿಲ್ಲ? ಇಂಜಿನ್ ಬಂದ್ ಇದ್ರ ಕಲ್ಲು, ಚಾಲೂ ಇದ್ರ ಬೆಣ್ಣಿ. ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಛಲೋ ಅದ. ಪೈಪ್ ಹೊಸಾದು, ವಾಲ್ವ್ ಹೊಸಾದು. ಇನ್ನೇನ್ ಮಾಡ್ಲಿ, ನನ್ನ ತಲಿ ಬಿಚ್ಚಿ ಹಾಕ್ಲಾ?” ಅಂದವನು ಗಡಿಯಾರ ನೋಡಿ, ಶುಕ್ರವಾರದ ಜುಮ್ಮಾ ನಮಾಜಿಗೆ ಹೊತ್ತಾಯಿತೆಂದು ಕೈ ತೊಳೆಯಲು ನಡೆದ. ನಾನು ಕಾರಿನಲ್ಲೇ ಕೂತು ಸ್ಟೇರಿಂಗನ್ನು ಗುದ್ದಿದೆ. ನೋವಾಯಿತು.

ಕಾರು ಅಪ್ಪನದು. ಕೆನೆ ಬಣ್ಣದ ಹಳೆ ಅಂಬಾಸಡರ್, ವಯಸ್ಸಿನಲ್ಲಿ ನನಗಿಂತ ಹಿರಿಯದು. ಮಾನ್ವಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಅಪ್ಪನ ಹೆಸರು ಮುದುಕಪ್ಪ. ‘ಹುಟ್ಟಿದ ದಿನಾನ ಮುದುಕ ಆದಂವಗ ಇನ್ನ ವಯಸ್ಸಾಗೂದೇನದ’ ಎಂದು ತಾನೇ ಹೇಳಿಕೊಂಡು ನಗುವ ಮನುಷ್ಯ. ಸುಗ್ಗಿ ಬಂತೆಂದರೆ ಹಿರೇಕೊಟ್ನೆಕಲ್ಲಿನಿಂದ ಯಾಪಲದಿನ್ನಿ ತನಕ ಯಾರ ಕಣದಲ್ಲಿ ಎಂಥ ಭತ್ತ ಬಿದ್ದಿದೆಯೆಂದು ಕಾರಿನಲ್ಲಿ ತಿರುಗಾಡಿ ನೋಡಬೇಕು, ಒಂದು ಕಾಳು ಹಲ್ಲಿಗಿಟ್ಟು ಕಟಕ್ಕೆಂದು ಕಡಿದು ಹಸಿಯೋ ಒಣಗಿದೆಯೋ ಹೇಳಬೇಕು. ಮೊಣಕಾಲು ಸವೆದು ಬಸ್ಸಿನ ಮೆಟ್ಟಿಲು ಹತ್ತಲಾರದವನಾದ ಮೇಲೆ ಆ ಕಾರೇ ಅವನ ಕಾಲಾಯಿತು.

ಆದರೆ ಅಂಬಾಸಡರಿನ ಹಳೆ ಬ್ರೇಕೆಂದರೆ ಕಾಲಿನ ಬಲವೇ ಬಲ. ಒಂದು ಸಲ ಒತ್ತಿದರೆ ಅಪ್ಪ ಮುಖ ಕಿವುಚುತ್ತಿದ್ದ. ನೋಡಲಾರದೆ ಪವರ್ ಬ್ರೇಕ್ ಹಾಕಿಸಿದವಳು ನಾನೇ. ಅಲ್ಲಾಉದ್ದೀನ್ ಗುಜರಿ ವ್ಯಾನೊಂದರ ಬೂಸ್ಟರ್ ತಂದ. ಅದೊಂದು ದುಂಡನೆಯ ಕರಿ ಡಬ್ಬಿ. ಇಂಜಿನ್ ಉಸಿರೆಳೆದುಕೊಳ್ಳುವ ಬಲವನ್ನು ತಾನು ತಗೊಂಡು, ನಮ್ಮ ಕಾಲಿನ ಜೊತೆ ತಾನೂ ಬ್ರೇಕನ್ನು ಒತ್ತುತ್ತದೆ. ಮೊದಲ ದಿನ ಅಪ್ಪ ಮಾನ್ವಿಯ ಬಸ್‌ಸ್ಟ್ಯಾಂಡಿನ ಮುಂದೆ ಬೇಕಂತಲೇ ಹತ್ತು ಸಲ ನಿಲ್ಲಿಸಿ ಹೊರಡಿಸಿ, “ಹೆಬ್ಬಟ್ಟಿಲೇ ಒತ್ತಿದ್ರ ನಿಲ್ತದಲೇ ಇದು!” ಎಂದು ಫೋನು ಮಾಡಿ ಕೂಗಿದ್ದ. ನನಗೆ ಎಂಥ ಖುಷಿ!

ಆ ಖುಷಿ ಒಂದು ತಿಂಗಳೂ ಬಾಳಲಿಲ್ಲ. ದೇವದುರ್ಗದಲ್ಲಿರುವ ತನ್ನ ಅಕ್ಕ ಶಿವಬಸಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವಾಗ, ಊರು ಮುಟ್ಟುವ ಮುಂಚಿನ ಇಳುಕಲಿನಲ್ಲಿ ಬ್ರೇಕ್ ಕಲ್ಲಾಗಿಬಿಟ್ಟಿತು. ಮುಂದೆ ರಸ್ತೆ ದಾಟುತ್ತಿದ್ದ ಕುರಿಹಿಂಡು. ಅಪ್ಪ ಪೆಡಲಿನ ಮೇಲೆ ಎದ್ದು ನಿಂತರೂ ಕಾರು ನಿಲ್ಲಲಿಲ್ಲವಂತೆ. ಸ್ಟೇರಿಂಗ್ ಎಳೆದು, ರಸ್ತೆ ಬದಿಗೆ ನಿಂತಿದ್ದ ಭತ್ತದ ಹುಲ್ಲಿನ ಟ್ರ್ಯಾಕ್ಟರಿಗೆ ಹಿಂದಿನಿಂದ ನುಗ್ಗಿಸಿದ. ಹುಲ್ಲಾಗಿದ್ದಕ್ಕೆ ಉಳಿದರು. ಕುರಿಗಳ ಹಿಂದೆ ಒಂದು ಕೂಸನ್ನು ಬಗಲಲ್ಲಿಟ್ಟುಕೊಂಡು ನಡೆಯುತ್ತಿದ್ದ ಹೆಣ್ಣುಮಗಳೂ ಉಳಿದಳು. ಅಪ್ಪ ಆಕೆಯನ್ನು ಕಂಡಿದ್ದಾನೆ. ಅವತ್ತಿನಿಂದ ಕಾರು ಮುಟ್ಟಿಲ್ಲ.

ಅಷ್ಟೇ ಆಗಿದ್ದರೆ ನಾನು ಇಷ್ಟು ಕುದಿಯುತ್ತಿರಲಿಲ್ಲ. ಅಪ್ಪ ‘ನನ್ನ ಕಾಲು ಸತ್ತು ಹೋತು’ ಅನ್ನತೊಡಗಿದ್ದ. ಗಿರಣಿಯ ಮುಂದಿನ ಮಂಚದ ಮೇಲೆ ಕೂತರೆ ಕೂತೇಬಿಟ್ಟ. ನೀರು ಬೇಕಾದರೂ ಯಾರನ್ನಾದರೂ ಕರೆಯುತ್ತಿದ್ದ. ಕಣದಿಂದ ಬಂದವರನ್ನು ‘ಭತ್ತ ಹ್ಯಾಂಗ ಬಿದ್ದದ?’ ಎಂದು ಕೇಳಿ, ಅವರು ಹೇಳಿದ್ದಕ್ಕೆ ಸುಮ್ಮನೆ ಹೂಂ ಅನ್ನುತ್ತಿದ್ದ. ಕಾಳು ಕಡಿಯುವುದನ್ನೂ ಬಿಟ್ಟಿದ್ದ.

ನಮ್ಮಣ್ಣ ಉದಯಕುಮಾರ ಗಿರಣಿ ನೋಡಿಕೊಳ್ಳುವವನು. ಕೀಲಿ ತನ್ನ ಹತ್ತಿರ ಇಟ್ಟುಕೊಂಡಿದ್ದ. ರಿಪೇರಿಗೆಂದು ನಾನು ಜಗಳ ಮಾಡಿ ಇಸಿದುಕೊಂಡು ಬಂದಿದ್ದೆ. ಅಲ್ಲಾಉದ್ದೀನ್ ನಮಾಜಿನಿಂದ ಬರುವುದರೊಳಗೆ ಅಣ್ಣನ ಫೋನು ಬಂತು.

“ಭಾನುವಾರ ಹೈದರಾಬಾದಿನವ್ರು ಬರಾಕತ್ತಾರ. ಹಳೇ ಗಾಡಿ ಅಂದ್ರ ಅವ್ರಿಗೆ ಜೀವ. ಶನಿವಾರ ಸಂಜಿ ಗಾಡಿ ಇಲ್ಲಿರಬೇಕು.”

“ಬ್ರೇಕ್ ಸರಿ ಆದ್ರ ಯಾಕ ಮಾರ್ತಿ?”

“ಸರಿ ಆಗ್ಯದೇನು?”

ನಾನು ಪೆಡಲನ್ನು ಇನ್ನೊಮ್ಮೆ ಒತ್ತಿ ನೋಡಿದೆ.

“ನೋಡು ಶೈಲಾ, ಅಪ್ಪ ಒಬ್ಬನ ಹೋದ್ರ ನಮ್ಮ ಹಣೇಬಾರ ಅಂತ ಅಳಬೌದು. ಮಂದಿ ಕೂಸಿನ ಮ್ಯಾಲ ಹೋದ್ರ ಏನಂತ ಅಳ್ತಿ?”

ಫೋನಿಟ್ಟ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಒಂದೇ ದಿನ ಉಳಿದಿತ್ತು. ತಪ್ಪು ಕಾರಿನದೆಂದು ತೋರಿಸಿದರೆ ಅಪ್ಪ ಮಂಚದಿಂದ ಏಳುತ್ತಾನೆ, ಇಲ್ಲವಾದರೆ ಇಲ್ಲ. ಅಲ್ಲಾಉದ್ದೀನ್ ಟೋಪಿ ತೆಗೆಯುತ್ತ ಒಳಗೆ ಬಂದವನೇ ನನ್ನ ಮುಖ ನೋಡಿ, “ಆತ್ರಿ, ನಾಳಿ ಮುಂಜಾನಿ ಇಬ್ರೂ ಹೋಗೋಣ. ಅದೇ ಇಳುಕಲು. ಮೊದ್ಲು ನಾ ಓಡಸ್ತೀನಿ, ಆಮ್ಯಾಲ ನೀವು. ಕಲ್ಲಾತು ಅಂದ್ರ ನನ್ನ ಗ್ಯಾರೇಜಿನ ಬೋರ್ಡ್ ನಾನೇ ಇಳಸ್ತೀನಿ” ಅಂದ.

ಮರುದಿನ ಕಲ್ಮಲ ದಾಟುವಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊಲಗಳಲ್ಲಿ ಹತ್ತಿ ಬಿಡಿಸುವವರು ಸಾಲಾಗಿ ಬಾಗಿದ್ದರು. ಪ್ರತಿ ಕೆರ್ರ್ ಶಬ್ದಕ್ಕೂ ನಾನು ‘ಅದೇನು? ಅದೇನು?’ ಅನ್ನುತ್ತಿದ್ದೆ. ಅಲ್ಲಾಉದ್ದೀನ್ ಮೊದಮೊದಲು ‘ಬಾಗಿಲ್ರಿ’, ‘ಡಿಕ್ಕಿ ರೀ’ ಎಂದು ಉತ್ತರ ಕೊಟ್ಟ. ಕಡೆಗೆ, “ಅರೇ ಅಕ್ಕಾರ, ಮುದುಕಿ ಅದು, ನರಳ್ತದ. ಬಿಡ್ರಿ!” ಎಂದು ಗದರಿದ.

ಇಳುಕಲು ಬಂತು. ಅವನು ನೆತ್ತಿಯಿಂದ ಬುಡದ ತನಕ ಗೇರಿನಲ್ಲೇ ಇಳಿಸಿದ. ನಡುವೆ ಎರಡು ಸಲ ಪೂರ್ತಿ ನಿಲ್ಲಿಸಿದ. ಕಾರು ಬೆಣ್ಣೆಯ ಹಾಗೆ ನಿಂತಿತು. ಬುಡದಲ್ಲಿ ನಿಲ್ಲಿಸಿ ಎರಡೂ ಕೈ ಸ್ಟೇರಿಂಗ್ ಬಿಟ್ಟು ಮೇಲೆತ್ತಿ ತೋರಿಸಿದ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಂದಿಷ್ಟು ಜಗಳವನ್ನಾದರೂ ಮಾಡಬಹುದಿತ್ತು.

“ಅತ್ತೀ ಮನಿಗೆ ಹೋಗಿ ಚಾ ಕುಡದು ಬರೋಣ ನಡೀರಿ” ಅಂದೆ.

ಶಿವಬಸಮ್ಮತ್ತೆ ನಮ್ಮನ್ನು ನೋಡಿದವಳೇ, “ಆ ಹಾಳಾದ್ದನ್ನ ನನ್ನ ಬಾಗ್ಲಿಗೆ ಯಾಕ ತಂದ್ರಿ? ದೂರ ನಿಲ್ಸ್ರಿ!” ಎಂದು ಒಳಗಿನಿಂದಲೇ ಕೂಗಿದಳು. ಅವತ್ತು ಒಡೆದ ಕನ್ನಡಕಕ್ಕೆ ದಾರ ಸುತ್ತಿಕೊಂಡಿದ್ದಳು. ಹಾಗೆಂದು ಸತ್ಕಾರ ಬಿಟ್ಟವಳಲ್ಲ. ಒಗ್ಗರಣೆ ಮಂಡಕ್ಕಿ ಬಂತು, ಬಿಸಿ ಮಿರ್ಚಿ ಬಂತು, ಚಹಾ ಬಂತು. ಅಲ್ಲಾಉದ್ದೀನ್ ಮಿರ್ಚಿ ಕಡಿಯುತ್ತ, “ಅವತ್ತು ಏನೇನಾತು ಒಂಚೂರು ಹೇಳ್ರಿ ಯವ್ವಾ” ಎಂದ.

“ಏನ್ ಹೇಳ್ಲಿ? ನಿಂಬಿಹಣ್ಣು ಕಟ್ಟಸ್ರಿ ಅಂತ ಬಡ್ಕೊಂಡೆ, ಕೇಳ್ಲಿಲ್ಲ. ನಮ್ಮ ತಮ್ಮ ತಟ್ಟಿ ತಟ್ಟಿ ಬ್ರೇಕ್ ಹಾಕೋತ ಬರಾಕತ್ತಿದ್ದ, ದಿನಾ ಹಾಕೋ ಹಂಗ. ನಾ ಕುಂತಲ್ಲೇ ತೂಕಡಸಾಕತ್ತಿದ್ದೆ. ‘ಅಕ್ಕಾ, ಗಟ್ಟಿ ಹಿಡ್ಕೋ’ ಅಂದ ನೋಡು, ಕಣ್ಣ ಬಿಟ್ರ ಮುಂದ ಕುರಿ! ಆ ಕುರಿಯಾಂವಾ ಆಮ್ಯಾಲ ಬೈದಾ ಬೈದಾ ಏನ್ ಬೈದಾನಂತಿ. ‘ಗಾಡಿ ಕಳ್ಳನಂಗ ಬಂತು, ಸಪ್ಪಳಿಲ್ಲ ಸದ್ದಿಲ್ಲ, ಕುರಿ ಸೈತ ಕಿವಿ ನಿಗರಸ್ಲಿಲ್ಲ’ ಅಂದ. ಆಂವಾ ಹಂಗ ಅನ್ನೂದಕ್ಕೂ ನನಗ ನಗಿ ಬಂತು. ಈ ಗಾಡಿ ಸಪ್ಪಳ ಮೂರೂರಿಗೆ ಕೇಳಸ್ತದ!”

ನಾನೂ ನಕ್ಕೆ. ಅಲ್ಲಾಉದ್ದೀನ್ ನಗಲಿಲ್ಲ. ಅರ್ಧ ಕಡಿದ ಮಿರ್ಚಿಯನ್ನು ತಟ್ಟೆಯಲ್ಲಿಟ್ಟು, “ಅಕ್ಕಾರ, ಏಳ್ರಿ. ಈಗ ನೀವು ಓಡಸ್ರಿ” ಅಂದ.

ಇಳುಕಲಿನ ನೆತ್ತಿಗೆ ಹೋಗಿ ತಿರುಗಿಸಿಕೊಂಡು ನಿಂತೆವು. ರಸ್ತೆ ಖಾಲಿ ಇತ್ತು. ನಾನು ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಸ್ಟೇರಿಂಗ್ ಹಿಡಿದೆ. ಅಲ್ಲಾಉದ್ದೀನ್ ಪಕ್ಕದ ಸೀಟಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತ. ನನ್ನ ಮನಸ್ಸೆಲ್ಲ ಕಾಲಿನಲ್ಲಿತ್ತು. ಅಪ್ಪ ಕಲಿಸಿದ ಹಾಗೆ ತಟ್ಟಿ ತಟ್ಟಿ ಬ್ರೇಕ್ ಹಾಕುತ್ತ ಇಳಿಸಿದೆ. ಒಂದು ಸಲ ಮೆತ್ತಗಿತ್ತು, ಇನ್ನೊಂದು ಸಲವೂ ಮೆತ್ತಗಿತ್ತು. ಆಮೇಲೆ ಪೆಡಲು ಬಿಗಿಯಿತು. ಅರ್ಧ ಇಳಿಯುವುದರೊಳಗೆ ಕಲ್ಲು! ಎರಡೂ ಕಾಲಿಟ್ಟು ಒತ್ತಿದೆ. ಅಲ್ಲಾಉದ್ದೀನ್ ಕೈಬ್ರೇಕ್ ಎಳೆದ. ಕಾರು ರಸ್ತೆ ಬದಿಯ ಜಾಲಿಗಿಡಕ್ಕೆ ಮೂಗು ತಾಗಿಸಿ ನಿಂತಿತು.

“ನೋಡಿದ್ರಿಲ್ಲ! ನೋಡಿದ್ರಿಲ್ಲ!” ನಾನು ಚೀರಿದೆ. ಭಯಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. “ನಮ್ಮಪ್ಪನ ಕಾಲಿಗೆ ಏನೂ ಆಗಿಲ್ಲ! ಇಳಸ್ರಿ ನಿಮ್ಮ ಬೋರ್ಡ್!”

“ಅಕ್ಕಾರ.”

“ಏನು?”

“ಇಂಜಿನ್ ಯಾರು ಬಂದ್ ಮಾಡಿದ್ರು?”

“ಯಾರೂ ಮಾಡಿಲ್ಲ.”

“ಕೀಲಿ ನೋಡ್ರಿ.”

ನೋಡಿದೆ. ಡ್ಯಾಶಿನ ನಡುವಿನ ಕೀಲಿ ಬಂದ್ ಕಡೆ ತಿರುಗಿತ್ತು. ಗೇರು ನ್ಯೂಟ್ರಲಿನಲ್ಲಿತ್ತು.

“ನಿಂತ ಮ್ಯಾಲ ತಿರುವಿರಬೇಕು” ಅಂದೆ.

“ಇಲ್ರಿ. ಇಳುಕಲ ಶುರು ಆಗೂದ ತಡ, ನಿಮ್ಮ ಎಡಗೈ ಗೇರ್ ತೆಗೀತು, ಕೀಲಿ ತಿರುವಿತು. ಎಷ್ಟ್ ಸರಾಗ ಅಂದ್ರ, ಸೆರಗು ಸರಿ ಮಾಡ್ಕೊಂಡಂಗ. ಆ ಕುರಿಯಾಂವನ ಮಾತು ಕೇಳಿದಾಗಿಂದ ನನಗ ಅದೇ ಸಂಶಯ ಇತ್ತು. ಅದಕ್ಕ ಉಸಿರೆತ್ತಲಾರದ ನೋಡ್ಕೋತ ಕುಂತೆ. ನಿಮಗ ಖಬರೇ ಇಲ್ಲ!”

ನಾನು ನನ್ನ ಎಡಗೈ ನೋಡಿಕೊಂಡೆ. ಹೌದು. ಸಣ್ಣವಳಿದ್ದಾಗ, ಇಳುಕಲು ಬಂದರೆ ಕಾರುಗಳೆಲ್ಲ ತಾವಾಗಿ ಸುಮ್ಮನಾಗುತ್ತವೆ ಅಂತಲೇ ನಾನು ತಿಳಿದಿದ್ದೆ. ಅಪ್ಪ ಇಳುಕಲು ಕಂಡರೆ ಸಾಕು, ಗೇರು ತೆಗೆದು ಕೀಲಿ ತಿರುವುತ್ತಿದ್ದ. ‘ದೇವ್ರು ಪುಕ್ಕಟ ಇಳಸಾಕತ್ತಾನ, ನಾವ್ಯಾಕ ಎಣ್ಣಿ ಸುಡಬೇಕು?’ ಅನ್ನುತ್ತಿದ್ದ. ಬುಡದಲ್ಲಿ ಕೀಲಿ ಹಾಕಿ, ಗೇರಿಗೆ ತಂದು ಕ್ಲಚ್ ಬಿಟ್ಟರೆ ಇಂಜಿನ್ ಕೆಮ್ಮಿಕೊಂಡು ಏಳುತ್ತಿತ್ತು. ನಮ್ಮ ಕಡೆ ಹಳೆ ಕಾಲದ ಡ್ರೈವರುಗಳೆಲ್ಲ ಮಾಡುವುದೇ ಹಾಗೆ. ನನಗೆ ಡ್ರೈವಿಂಗ್ ಕಲಿಸಿದ್ದೂ ಇದೇ ಕಾರಿನಲ್ಲಿ, ಹಾಗೆಯೇ. ರಾಯಚೂರಿನಲ್ಲಿ ನಾನು ಓಡಿಸುವುದು ಸ್ಕೂಟಿ. ಈ ಕಾರಿನಲ್ಲಿ ಕೂತರೆ ಮಾತ್ರ ನನ್ನ ಕೈಕಾಲೆಲ್ಲ ಅಪ್ಪನವು.

ಹಳೆ ಬ್ರೇಕಿಗೆ ಇಂಜಿನ್ ಬಂದಾದರೂ ಒಂದೇ, ಚಾಲೂ ಇದ್ದರೂ ಒಂದೇ. ಅಷ್ಟು ವರ್ಷ ಏನೂ ಆಗಿರಲಿಲ್ಲ. ಪವರ್ ಬ್ರೇಕು ಮಾತ್ರ ಇಂಜಿನ್ ಸತ್ತರೆ ಒಂದೆರಡು ಒತ್ತಿಗೆ ಆಗುವಷ್ಟು ಎಳೆತವನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಪ್ಪ ಅದನ್ನು ತಟ್ಟಿ ತಟ್ಟಿ ಮುಗಿಸಿದ. ಕುರಿ ಬಂದಾಗ ಡಬ್ಬಿ ಖಾಲಿ. ನಿನ್ನೆ ಗ್ಯಾರೇಜಿನಲ್ಲಿ ಅಲ್ಲಾಉದ್ದೀನ್ ನನ್ನ ಕಾಲಿನಿಂದಲೇ ಮಾಡಿಸಿ ತೋರಿಸಿದ್ದೂ ಅದನ್ನೇ. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅಪ್ಪನ ಮೊಣಕಾಲಿಗೆ ಒಳ್ಳೆಯದಾಗಲೆಂದು ನಾನು ಹಾಕಿಸಿದ್ದೇ ಅವನನ್ನು ಕೊಲ್ಲಲು ನೋಡಿತ್ತು.

“ಹುಟ್ಟುಗುಣ ಸುಟ್ರೂ ಹೋಗೂದಿಲ್ಲಂತಾರಲ್ರಿ” ಎಂದು ಅಲ್ಲಾಉದ್ದೀನ್ ನಗಲು ನೋಡಿದ. ನನ್ನ ಕಣ್ಣಲ್ಲಿ ನೀರು ಕಂಡು ನಿಲ್ಲಿಸಿದ. “ಯಾಕ್ರಿ ಅಳ್ತೀರಿ? ಛಲೋನೇ ಆತಲ್ಲ. ಕೀಲಿ ಮುಟ್ಟಬ್ಯಾಡ್ರಿ ಸಾಹುಕಾರ ಅಂದ್ರ ಮುಗೀತು.”

ಅವನನ್ನು ರಾಯಚೂರಿನ ಬಸ್ಸು ಹತ್ತಿಸಿ ನಾನು ಮಾನ್ವಿಗೆ ಹೊರಟೆ. ದಾರಿಯುದ್ದಕ್ಕೂ ಎಡಗೈಯನ್ನು ಗೇರಿನ ಕೋಲಿನಿಂದ ಆಚೆ ಬಿಡದೆ ಬಿಗಿಹಿಡಿದಿದ್ದೆ. ಗಿರಣಿ ಮುಟ್ಟಿದಾಗ ಬೆರಳು ಮರಗಟ್ಟಿದ್ದವು.

ಅಪ್ಪ ಮಂಚದ ಮೇಲಿದ್ದ. ಒಳಗೆ ಗಿರಣಿ ಗುಡುಗುತ್ತಿತ್ತು, ಅವನ ಹೆಗಲ ಮೇಲೆ ತೌಡಿನ ಧೂಳು ಕೂತಿತ್ತು. ನಾನು ಕೆಳಗೆ ಕೂತು ಎಲ್ಲ ಹೇಳಿದೆ. ಅವನಿಗೆ ಮೊದಲು ತಿಳಿಯಲಿಲ್ಲ. ಎರಡನೆಯ ಸಲ ಕೂಗಿ ಹೇಳಿದೆ.

“ಅಂದ್ರ ನನ್ನ ಕಾಲು?”

“ಕಾಲಿಗೇನಾಗಿಲ್ಲಪ್ಪಾ! ಎರಡೂ ಕಾಲಿಟ್ಟು ಒತ್ತಿದ್ರ ನನಗೂ ನಿಂದರಲಿಲ್ಲ. ಆನಿ ಒತ್ತಿದ್ರೂ ನಿಂದರೂದಿಲ್ಲ!”

ಅಪ್ಪ ಮಂಚದಿಂದ ಎದ್ದ. ಯಾರನ್ನೂ ಕರೆಯಲಿಲ್ಲ. ಬಲಗಾಲನ್ನು ನೆಲಕ್ಕೆ ಧಡ್ ಧಡ್ ಎಂದು ಎರಡು ಸಲ ಬಡಿದ. ಮೊಣಕಾಲು ನೊಂದಿತೇನೋ, ಮುಖ ಕಿವುಚಿದ. ಆದರೂ ನಗುತ್ತಿದ್ದ. “ಸತ್ತಿಲ್ಲಲೇ!” ಎಂದು ಹಮಾಲರಿಗೆಲ್ಲ ಕೇಳುವ ಹಾಗೆ ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಕೈನೂ ಹೋತಾ ಕೀಲಿಗೆ?” ಅಂದ.

“ಹೋತಪ್ಪಾ.”

“ನಾ ಕಲಿಸಿದ್ದು” ಎಂದು ಹೆಮ್ಮೆಯಿಂದಲೇ ಅಂದು, ಅಂದ ಮೇಲೆ ತನ್ನ ಎಡಗೈ ನೋಡಿಕೊಂಡ.

ಉದಯ ಹೊರಗೆ ಬಂದು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. “ಕೀಲಿ ಮುಟ್ಟೂದಿಲ್ಲ ಅಂತ ಆಣಿ ಮಾಡು, ಬಂದವ್ರನ್ನ ತಿರುಗಿ ಕಳಸ್ತೀನಿ” ಅಂದ. “ಮುಟ್ಟೂದಿಲ್ಲಪ್ಪ, ನಮ್ಮ ಬಸವಣ್ಣನ ಆಣಿ” ಎಂದ ಅಪ್ಪ. ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡ. ಅಂಗಳದಲ್ಲಿ ಸುರುವಿದ್ದ ಭತ್ತದಿಂದ ಒಂದು ಕಾಳೆತ್ತಿ ಕಡಿದು, “ಹಸೀ ಅದ. ಯಾವಾಂವಲೇ ಇದನ್ನ ತೂಗಿಸಿದಾಂವ?” ಎಂದು ಎಲ್ಲರನ್ನೂ ಬೈದ. ಬೈಗುಳ ಕೇಳಿ ನನಗೆ ಹಬ್ಬದಂತಾಯಿತು.

ಭಾನುವಾರ ಮುಂಜಾನೆ ಅಪ್ಪ ಬಿಳಿ ಅಂಗಿ ಹಾಕಿ, ವಿಭೂತಿ ಹಚ್ಚಿ ಸ್ಟೇರಿಂಗಿನ ಮುಂದೆ ಕೂತ. “ನಡಿ, ಅಕ್ಕನ ಕನ್ನಡಕ ಮಾಡಿಸ್ಕೊಟ್ಟು ಬರೋಣ.” ನಾನು ಪಕ್ಕದಲ್ಲಿ ಕೂತೆ. ಹೈದರಾಬಾದಿನವರು ಬರುವುದು ಮಧ್ಯಾಹ್ನಕ್ಕೆ.

ಊರ ಹೊರಗೆ ಕಾಲುವೆಯ ಏರಿ ಇಳಿಯುವಾಗ ಅವನ ಎಡಗೈ ಎದ್ದಿತು. ನಾನು ಮಣಿಕಟ್ಟು ಹಿಡಿದೆ. ಅಪ್ಪ ಗಹಗಹಿಸಿ ನಕ್ಕ. “ನೋಡವ್ವಾ ಹ್ಯಾಂಗ ಓಡ್ತದ, ಕಟ್ಟಿದ ಹಗ್ಗ ಹರಕೊಂಡ ಕರುವಿನಂಗ!” ಮುಂದಿನ ಇಳಿಜಾರಿನಲ್ಲಿ ಕೈ ಅರ್ಧ ಎದ್ದು ತಾನಾಗಿ ಸ್ಟೇರಿಂಗಿಗೆ ಮರಳಿತು. “ಕಂಡ್ಯಾ? ಕಲತದ!” ಎಂದ. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಅವನು ಭತ್ತದ ಮಾತು, ಹತ್ತಿಯ ಮಾತು ತೆಗೆದ. ಎಷ್ಟೋ ದಿನಗಳ ಮಾತೆಲ್ಲ ಹೊರಬಿತ್ತು. ನಾನೂ ಮೈಮರೆತೆ.

ದೇವದುರ್ಗದ ಇಳುಕಲಿನ ಕೆಳಗೆ, ರಸ್ತೆಯ ಎಡಕ್ಕೆ, ಅದೇ ಕುರಿಯವರು ಬಿಡಾರ ಹಾಕಿದ್ದರು. ಅಪ್ಪ ಅವರನ್ನು ದೂರದಿಂದಲೇ ಕಂಡ. ಮಾತು ನಿಲ್ಲಿಸಿದ. ಕಣ್ಣು ಕಿರಿದು ಮಾಡಿ ಆ ಕೂಸಿನ ತಾಯಿಯನ್ನೇ ಹುಡುಕುತ್ತಿದ್ದ. ಕಾರು ಇಳಿಯುತ್ತಿತ್ತು. ಗಾಳಿ ಸುಯ್ ಅನ್ನುತ್ತಿತ್ತು. ಅಪ್ಪ ಒಮ್ಮೆ ಮೆಲ್ಲಗೆ ಬ್ರೇಕ್ ತಟ್ಟಿದ. ಎಷ್ಟು ಹಾಯಾಗಿದೆ ಅಂದುಕೊಂಡೆ. ಗಾಳಿ ಯಾಕಿಷ್ಟು ಸ್ಪಷ್ಟ ಕೇಳುತ್ತಿದೆ ಎಂದು ತಿಳಿಯುವುದಕ್ಕೆ ನನಗೆ ಒಂದು ಕ್ಷಣ ಹಿಡಿಯಿತು.

“ಅಪ್ಪಾ, ಕೀಲಿ!”

ಅವನು ಕೆಳಗೆ ನೋಡಿದ. ಒಮ್ಮೆಗೇ ಪೂರ್ತಿ ಒತ್ತಿದ. ಡಬ್ಬಿಯಲ್ಲಿ ಉಳಿದಿದ್ದ ಎಳೆತ ಒಂದು ಒತ್ತಿಗೆ ಸಾಕಾಯಿತು, ನಾನು ಕೈಬ್ರೇಕೂ ಎಳೆದೆ. ಇಳುಕಲಿನ ನಡುವೆಯೇ ಕಾರು ನಿಂತಿತು. ಕೆಳಗೆ ಯಾರೂ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕುರಿಗಳು ತಮ್ಮ ಪಾಡಿಗೆ ಮೇಯುತ್ತಿದ್ದವು.

ಅಪ್ಪ ಬಹಳ ಹೊತ್ತು ಕೀಲಿಯನ್ನೇ ನೋಡುತ್ತ ಕೂತ.

“ಯಾವಾಗ ತಿರುವಿದೆ?”

“ನಾನೂ ನೋಡ್ಲಿಲ್ಲಪ್ಪಾ.”

“ಬಸವಣ್ಣನ ಆಣಿ ಮಾಡಿದ್ದೆ.” ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ. “ಕಾಲು ಸೋತಿದ್ರ ನನಗ ಗೊತ್ತಾಗ್ತಿತ್ತು ಶೈಲಾ. ಕೈ ಮಾಡಿದ್ದು ಗೊತ್ತ ಆಗ್ಲಿಲ್ಲಲ್ಲ.”

“ಹಳೇ ಬ್ರೇಕ್ ತಿರುಗಿ ಹಾಕಸ್ತೀನಿ. ಅಲ್ಲಾಉದ್ದೀನ್ ಎಲ್ಲಾ ಸಾಮಾನು ಇಟ್ಟಾನ. ನಾಳಿನ ಹಾಕಸ್ತೀನಿ.”

“ಅದನ್ನ ಒತ್ತೂ ಕಾಲು ಎಲ್ಲಿಂದ ತರ್ತಿ?”

“ನಾ ದಿನಾ ಬರ್ತೀನಿ. ಪಕ್ಕದಾಗ ಕುಂತು ಕೈ ಹಿಡೀತೀನಿ. ರೂಢಿ ಆಗ್ತದಪ್ಪಾ.” ನನ್ನ ದನಿ ಏರುತ್ತಿತ್ತು. ಅಳುವೂ ಬರುತ್ತಿತ್ತು, ಯಾರ ಮೇಲೆಂದು ತಿಳಿಯದ ಸಿಟ್ಟೂ ಬರುತ್ತಿತ್ತು. “ಉದಯಾಗ ನಾ ಹೇಳೂದಿಲ್ಲ. ಇಲ್ಲಿ ಏನಾತು ಅಂತ ಯಾರಿಗೆ ಗೊತ್ತಾಗ್ತದ?”

ಅಪ್ಪ ನನ್ನನ್ನು ನೋಡಿದ. ಸಣ್ಣವಳಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ನೋಡುತ್ತಿದ್ದ ಹಾಗೆ ನೋಡಿದ. ಆಮೇಲೆ ಬಾಗಿಲು ತೆಗೆದು ಇಳಿದ. ಬಾನೆಟ್ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಸುತ್ತು ಹಾಕಿ ನನ್ನ ಕಡೆಯ ಬಾಗಿಲಿಗೆ ಬಂದ.

“ಆ ಕಡೆ ಸರಿ.”

“ಅಪ್ಪಾ, ನನ್ನ ಕೈನೂ ಹಂಗೇ ಅದಲ್ಲ!”

“ನಿನ್ನ ಕೈ ಇನ್ನೂ ಕಲೀತದ. ನಂದು ಕಲತು ಮುಗದದ.”

ಅಷ್ಟು ಸಮಾಧಾನದಿಂದ ಹೇಳಿದ. ನಾನು ಸರಿದು ಸ್ಟೇರಿಂಗಿನ ಮುಂದೆ ಕೂತೆ. ಅವನು ಪಕ್ಕದಲ್ಲಿ ಕೂತು, ಅಂಗಿಯ ಜೇಬಿನಿಂದ ಫೋನು ತೆಗೆದು ಉದಯನಿಗೆ ಹಚ್ಚಿದ. “ಬಂದವ್ರಿಗೆ ಊಟ ಹಾಕಿ ಕಳಸು. ಗಾಡಿ ಕೊಡೂದಿಲ್ಲ... ಹೂಂ... ಇಲ್ಲಪ್ಪ, ನಾ ಓಡ್ಸೂದಿಲ್ಲ. ನಾನೇ ಬಿಟ್ಟೀನಿ, ಯಾರೂ ಬಿಡಿಸಿಲ್ಲ. ಭತ್ತ ನೋಡಾಕ ವಾರಕ್ಕೊಮ್ಮಿ ನಿನ್ನ ತಂಗಿ ಕರ್ಕೊಂಡ್ ಹೋಗ್ತಾಳ.” ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಅಂಗಡಿ ಯಾರು ನೋಡಬೇಕು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಕಣ್ಣೊರೆಸಿಕೊಂಡು ಇಂಜಿನ್ ಚಾಲೂ ಮಾಡಿದೆ. ಕೈಬ್ರೇಕ್ ಬಿಟ್ಟೆ. ಮುಂದೆ ಇಳುಕಲು ಇನ್ನೂ ಅರ್ಧ ಉಳಿದಿತ್ತು. ಅಪ್ಪ ಬಲಗೈ ಚಾಚಿ ಕೀಲಿಯ ಮೇಲೆ ಅಂಗೈ ಮುಚ್ಚಿ ಇಟ್ಟ, “ಈಗ ಬಿಡು” ಅಂದ. ಸ್ವಲ್ಪ ಇಳಿಯುವುದರೊಳಗೆ ನನ್ನ ಎಡಗೈ ಎದ್ದು ಹೋಗಿ ಅವನ ಕೈಗೆ ತಾಗಿತು. ಅವನು ಬೈಯಲಿಲ್ಲ, ನಗಲೂ ಇಲ್ಲ. ರಸ್ತೆ ಸಮತಟ್ಟಾಗುವ ತನಕ ಅಂಗೈ ತೆಗೆಯಲಿಲ್ಲ.